ಸೂರಿಗೆ ಸಿಕ್ಕಿಸಿದ ಪಿಟೀಲು: ವೇಲ್ಸ್‌ನ ಹಳೆಯ ಮಟ್ಟುಗಳನ್ನು ಕಲಿಯಲು ಒಂದು ಕೈಪಿಡಿ

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವನನ್ನು ಕಂಡರೆ ವೆಲ್ಶ್ ಭಾಷೆಯವರು ‘ರೊಯ್‌ರ್ ಫಿಡಿಲ್ ಅನ್ ಅ ಟೊ’ ಎನ್ನುತ್ತಾರೆ. ಪಿಟೀಲನ್ನು ಸೂರಿಗೆ ಸಿಕ್ಕಿಸಿದ ಎಂದು ಅರ್ಥ. ವೇಲ್ಸ್‌ನ ಪಿಟೀಲು ಪರಂಪರೆಗೂ ಹೆಚ್ಚುಕಡಿಮೆ ಇದೇ ಗತಿಯಾಯಿತು. ಐರ್ಲೆಂಡಿನಲ್ಲಿ ಅಜ್ಜ ನುಡಿಸಿದ್ದನ್ನು ಮೊಮ್ಮಗ ಕೇಳಿ ಕಲಿತ. ವೇಲ್ಸ್‌ನಲ್ಲಿ ಆ ಎಳೆ ಬಹುಪಾಲು ಕಡೆ ಹರಿದುಹೋಯಿತು, ಮಟ್ಟುಗಳು ಉಳಿದದ್ದು ಕಾಗದದ ಮೇಲೆ. ಹಾಗಾಗಿ ಈ ಸಂಗೀತವನ್ನು ಕಲಿಯುವ ಕ್ರಮವೇ ಬೇರೆ. ಯೂಟ್ಯೂಬ್ ಹಚ್ಚಿಕೊಂಡು ಅನುಕರಿಸಿದರೆ ಸಾಲದು. ಹಸ್ತಪ್ರತಿ ಓದಬೇಕು, ಅದರಲ್ಲಿ ಬರೆಯದೆ ಬಿಟ್ಟಿದ್ದನ್ನು ಹಾರ್ಪ್‌ನಿಂದ, ಹಾಡಿನಿಂದ, ಕುಣಿತದಿಂದ ತುಂಬಿಕೊಳ್ಳಬೇಕು.

ಪಿಟೀಲು ಹಿಡಿಯಲು ಬರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಕಮಾನು ನೇರವಾಗಿ ಎಳೆಯಲು ಬಂದರೆ ಸಾಕು, ಕರ್ನಾಟಕ ಶೈಲಿಯವರಾದರೂ ಸರಿ, ಪಾಶ್ಚಾತ್ಯ ಶೈಲಿಯವರಾದರೂ ಸರಿ.

ಮೊದಲು ಕ್ರೂಥ್

ಪಿಟೀಲಿಗೂ ಮುಂಚೆ ವೇಲ್ಸ್‌ನಲ್ಲಿ ಕಮಾನಿನಿಂದ ನುಡಿಸುತ್ತಿದ್ದ ವಾದ್ಯ ಕ್ರೂಥ್. ಒಂದು ಉದ್ದನೆಯ ಚೌಕಟ್ಟು, ನಡುವೆ ಬೆರಳಿಡುವ ಪಟ್ಟಿ, ಅದರ ಎರಡೂ ಕಡೆ ಕೈ ತೂರುವಷ್ಟು ಕಿಂಡಿ. ಆರು ತಂತಿ. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ಅದರ ಒಂದು ಕಾಲು ಮೇಲುಹಲಗೆಯ ಮೇಲೆ ನಿಂತರೆ ಇನ್ನೊಂದು ಕಾಲು ಉದ್ದವಾಗಿದ್ದು, ನಾದರಂಧ್ರದೊಳಗೆ ಇಳಿದು ಹಿಂಬದಿಯ ಹಲಗೆಯನ್ನು ಮುಟ್ಟುತ್ತದೆ. ಪಿಟೀಲಿನೊಳಗೆ ಸೌಂಡ್‌ಪೋಸ್ಟ್ ಎಂಬ ಸಣ್ಣ ಕಂಬ ಮಾಡುವ ಕೆಲಸವನ್ನು ಇಲ್ಲಿ ಆ ಕಾಲೇ ಮಾಡುತ್ತದೆ.

ಗಮನಿಸಬೇಕಾದ್ದು ಕುದುರೆಯ ನೆತ್ತಿ. ಪಿಟೀಲಿನ ಕುದುರೆ ಕಮಾನಿನಂತೆ ಬಾಗಿರುತ್ತದೆ, ಅದಕ್ಕೇ ಒಂದೊಂದೇ ತಂತಿಯನ್ನು ಮುಟ್ಟಲು ಆಗುವುದು. ಕ್ರೂಥ್‌ನದು ಚಪ್ಪಟೆ, ಕಮಾನು ಎಳೆದರೆ ಹಲವು ತಂತಿಗಳು ಒಟ್ಟಿಗೇ ಮೊಳಗುತ್ತವೆ. 18ನೇ ಶತಮಾನದಲ್ಲಿ ಬರೆದಿಟ್ಟ ಶ್ರುತಿಯ ಪ್ರಕಾರ ಆರು ತಂತಿಗಳು ಮೂರು ಜೋಡಿ: ಜಿ, ಸಿ, ಡಿ. ಪ್ರತಿ ಜೋಡಿಯಲ್ಲೂ ಒಂದು ಮೇಲಿನ ಸ್ಥಾಯಿ, ಒಂದು ಕೆಳಗಿನ ಸ್ಥಾಯಿ. ಜಿ ಜೋಡಿ ಪಟ್ಟಿಯ ಹೊರಗೆ ಹಾದುಹೋಗುತ್ತದೆ, ಅದನ್ನು ಎಡಗೈ ಹೆಬ್ಬೆರಳಿನಿಂದ ಮೀಟಬಹುದು, ಇಲ್ಲವೇ ಕಮಾನಿನಿಂದಲೇ ಶ್ರುತಿಯಂತೆ ಮೊಳಗಿಸಬಹುದು.

ಇದು ಬೀದಿಬದಿಯ ವಾದ್ಯವಾಗಿರಲಿಲ್ಲ. 1523ರಲ್ಲೂ 1567ರಲ್ಲೂ ಕೈರ್ವಿಸ್ ಎಂಬ ಊರಿನಲ್ಲಿ ನಡೆದ ಐಸ್ಟೆದ್‌ವೊಡ್‌ಗಳಲ್ಲಿ, ಅಂದರೆ ಕವಿ-ವಾದಕರ ಸ್ಪರ್ಧಾಕೂಟಗಳಲ್ಲಿ, ಕವಿಗಳಿಗೆ, ಹಾರ್ಪ್ ವಾದಕರಿಗೆ ಕೊಟ್ಟಂತೆಯೇ ಕ್ರೂಥ್ ವಾದಕರಿಗೂ ದರ್ಜೆ ಕೊಟ್ಟರು. ಆಮೇಲೆ ಪಿಟೀಲು ಬಂತು. ಸಣ್ಣದು, ದನಿ ಜೋರು, ಹೊಸ ಕುಣಿತಗಳ ವೇಗಕ್ಕೆ ಒಗ್ಗುವಂಥದು. ಕ್ರೂಥ್ ಮೂಲೆ ಸೇರಿತು. ಹಳೆಯ ಕ್ರೂಥ್‌ಗಳಲ್ಲಿ ಉಳಿದಿರುವುದು ಕೈಬೆರಳೆಣಿಕೆಯಷ್ಟು. ಅದರಲ್ಲಿ ಒಂದು, ರಿಚರ್ಡ್ ಇವಾನ್ಸ್ ಎಂಬವನು 1742ರಲ್ಲಿ ಮಾಡಿದ್ದು, ಕಾರ್ಡಿಫ್ ಪಕ್ಕದ ಸೇಂಟ್ ಫ್ಯಾಗನ್ಸ್ ಮ್ಯೂಸಿಯಮ್ಮಿನ ಸಂಗ್ರಹಕ್ಕೆ ಸೇರಿದೆ. ಕಾರ್ಡಿಫ್, ಸ್ವಾನ್ಸಿ ಕಡೆ ಇರುವ ಕನ್ನಡಿಗರು ಒಂದು ದಿನ ಆ ಮ್ಯೂಸಿಯಮ್ಮಿಗೆ ಹೋಗಿಬನ್ನಿ, ಪ್ರವೇಶ ಉಚಿತ.

ಇಲ್ಲಿ ಒಂದು ಎಡವುಗಲ್ಲು ಇದೆ. ಪಿಟೀಲು ಬಂದ ಮೇಲೂ ಜನ ಹಳೆಯ ಹೆಸರನ್ನು ಬಿಡಲಿಲ್ಲ. ‘ಕ್ರಥೊರ್’ ಅಂದರೆ ಕ್ರೂಥ್ ವಾದಕ, ಆದರೆ ಪಿಟೀಲು ನುಡಿಸುವವನಿಗೂ ಅದೇ ಹೆಸರು ಅಂಟಿಕೊಂಡಿತು. 18–19ನೇ ಶತಮಾನದ ಬರಹದಲ್ಲಿ ‘ಮದುವೆಗೆ ಕ್ರೂಥ್ ಬಂದಿತ್ತು’ ಎಂದು ಕಂಡಾಕ್ಷಣ ಆರು ತಂತಿಯ ವಾದ್ಯವನ್ನು ಕಲ್ಪಿಸಿಕೊಳ್ಳಬೇಡಿ. ತಂತಿಯ ಲೆಕ್ಕವೋ, ಚಪ್ಪಟೆ ಕುದುರೆಯ ಮಾತೋ ಜೊತೆಗಿದ್ದರೆ ಮಾತ್ರ ನಂಬಬಹುದು.

ಎಳೆ ಹರಿದದ್ದು ಹೇಗೆ

18ನೇ ಶತಮಾನದ ಪಿಟೀಲುಗಾರನಿಗೆ ಕೈತುಂಬ ಕೆಲಸವಿತ್ತು. ಊರ ಸಂತನ ಹಬ್ಬ, ಬೇಸಿಗೆಯ ಸಂಜೆಯ ಕುಣಿತ, ಅಂಗಳದಲ್ಲಿ ಆಡುತ್ತಿದ್ದ ‘ಆಂಟರ್ಲೂಟ್’ ಎಂಬ ಪದ್ಯನಾಟಕ, ಎಲ್ಲಕ್ಕೂ ಹಾರ್ಪ್ ಇಲ್ಲವೇ ಪಿಟೀಲು ಬೇಕಿತ್ತು. 1735ರ ಸುಮಾರಿಗೆ ಶುರುವಾದ ಮೆಥಡಿಸ್ಟ್ ಧಾರ್ಮಿಕ ಚಳವಳಿ ಊರೂರಿಗೆ ಹಬ್ಬಿದಂತೆ ಕುಣಿತ, ಕುಡಿತ, ಪಿಟೀಲು ಮೂರನ್ನೂ ಒಂದೇ ಗಂಟು ಕಟ್ಟಿ ಪಾಪದ ಲೆಕ್ಕಕ್ಕೆ ಸೇರಿಸಿತು. ಹಾರ್ಪ್ ವಾದಕ ಎಡ್ವರ್ಡ್ ಜೋನ್ಸ್ 1802ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ, ಬೋಧಕರ ಮಾತು ಕೇಳಿ ವೃತ್ತಿಯನ್ನೇ ತೊರೆದ ವಾದಕರನ್ನು ತಾನು ಕಂಡಿದ್ದಾಗಿ ಕಟುವಾಗಿ ಬರೆಯುತ್ತಾನೆ. ಹಾರ್ಪ್‌ಗೆ ರಾಷ್ಟ್ರೀಯ ವಾದ್ಯವೆಂಬ ಗೌರವ ಇದ್ದುದರಿಂದ ಸಿರಿವಂತರ ಆಸರೆ ಸಿಕ್ಕಿ ಬದುಕಿಕೊಂಡಿತು. ಪಿಟೀಲಿಗೆ ಅಂಥ ದಿಕ್ಕಿರಲಿಲ್ಲ.

ಉಳಿಸಿದವರಲ್ಲಿ ರೋಮಾನಿ ಅಲೆಮಾರಿ ಕುಟುಂಬಗಳನ್ನು ಮರೆಯುವಂತಿಲ್ಲ, ಮುಖ್ಯವಾಗಿ 1799ರಲ್ಲಿ ತೀರಿಕೊಂಡ ಏಬ್ರಮ್ ವುಡ್‌ನ ವಂಶ. ಪಿಟೀಲನ್ನು ವೇಲ್ಸ್‌ಗೆ ತಂದವನೇ ಅವನೆಂಬ ಮಾತೂ ಚಾಲ್ತಿಯಲ್ಲಿದೆ. ಅದನ್ನು ಉಪ್ಪು ಹುಳಿ ಸೇರಿಸಿದ ಕಥೆ ಎಂದುಕೊಳ್ಳುವುದು ಒಳ್ಳೆಯದು. ಏಕೆಂದರೆ 1752ರಷ್ಟು ಹೊತ್ತಿಗೇ ಜಾನ್ ಥಾಮಸ್ ಎಂಬ ಪಿಟೀಲುಗಾರ ಐನೂರಕ್ಕೂ ಹೆಚ್ಚು ಮಟ್ಟುಗಳನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ.

ಆ ಪುಸ್ತಕವೇ ನಮ್ಮ ಮುಖ್ಯ ಆಕರ. ಮೂಲ ಪ್ರತಿ ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಪಿಟೀಲನ್ನೂ ಕ್ರೂಥನ್ನೂ ನುಡಿಸುವ ಕಾಸ್ ಮೇರಿಗ್ ಅದನ್ನು ಸಂಪಾದಿಸಿ 2004ರಲ್ಲಿ ಮುದ್ರಣಕ್ಕೆ ತಂದರು. ಕೊಳ್ಳುವುದಾದರೆ ಮೊದಲು ಅದನ್ನು ಕೊಳ್ಳಿ. ಕುಣಿತದ ಮಟ್ಟು, ಲಾವಣಿಯ ಮಟ್ಟು, ಇಂಗ್ಲೆಂಡಿನಿಂದ ಬಂದದ್ದು ಎಲ್ಲ ಕಲಸುಮೇಲೋಗರವಾಗಿದೆ. ದುಡಿಮೆಯ ವಾದಕ ಜನ ಕೇಳಿದ್ದನ್ನು ನುಡಿಸುತ್ತಿದ್ದ, ಅಷ್ಟೇ. ‘ಶುದ್ಧ ವೆಲ್ಶ್’ ಯಾವುದೆಂದು ಜರಡಿ ಹಿಡಿಯುವ ಕೆಲಸಕ್ಕೆ ಕೈಹಾಕಬೇಡಿ.

ಪಿಟೀಲನ್ನು ಅಣಿ ಮಾಡುವುದು

ಪಾಶ್ಚಾತ್ಯ ಶ್ರುತಿ ಜಿ-ಡಿ-ಎ-ಇ ಇದ್ದವರು ಈ ಭಾಗ ದಾಟಿ ಮುಂದೆ ಹೋಗಬಹುದು.

ಕರ್ನಾಟಕ ಸಂಗೀತದ ಸ-ಪ-ಸ-ಪ ಇದ್ದರೆ ಎರಡು ದಾರಿ. ಜೊತೆಗೂಡಿ ನುಡಿಸುವ ಆಸೆ ಇದ್ದರೆ ಶ್ರುತಿ ಬದಲಿಸಲೇಬೇಕು. ಆದರೆ ಇರುವ ತಂತಿಯನ್ನೇ ಬಿಗಿಯಲು ಹೋಗಬೇಡಿ. ನಿಮ್ಮ ಆಧಾರಷಡ್ಜ ಡಿ ಆಗಿದ್ದರೆ ಒಂದನೇ ಮತ್ತು ಎರಡನೇ ತಂತಿಗಳನ್ನು ಏಳೇಳು ಸ್ವರಸ್ಥಾನ, ಮೂರು ಮತ್ತು ನಾಲ್ಕನೆಯದನ್ನು ಐದೈದು ಸ್ವರಸ್ಥಾನ ಏರಿಸಬೇಕಾಗುತ್ತದೆ. ಕೆಳಶ್ರುತಿಗೆಂದು ದಪ್ಪ ತಂತಿ ಹಾಕಿದ್ದರೆ ಅದು ಕಿತ್ತುಹೋಗುತ್ತದೆ, ಇಲ್ಲವೇ ಹಲಗೆಯ ಮೇಲೆ ಸಲ್ಲದ ಭಾರ ಬೀಳುತ್ತದೆ. ಸಾಮಾನ್ಯ ಪಾಶ್ಚಾತ್ಯ ಸೆಟ್ ಒಂದನ್ನು ತಂದು ಒಂದೊಂದೇ ತಂತಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಬೀಳುತ್ತದೆ, ಒಳಗಿನ ಸೌಂಡ್‌ಪೋಸ್ಟೂ ಉರುಳಬಹುದು, ಅದನ್ನು ನಿಲ್ಲಿಸಲು ರಿಪೇರಿಯವರ ಹತ್ತಿರವೇ ಹೋಗಬೇಕು. ಬಿರಡೆ ತಿರುಗಿಸುತ್ತ ಹೋದಂತೆ ತಂತಿಯು ಕುದುರೆಯ ನೆತ್ತಿಯನ್ನು ಮುಂದಕ್ಕೆ ಎಳೆಯುತ್ತದೆ. ಪ್ರತಿ ತಂತಿ ಆದಮೇಲೂ ಪಕ್ಕದಿಂದ ನೋಡಿ, ಟೇಲ್‌ಪೀಸ್ ಕಡೆಯ ಮುಖ ಹಲಗೆಗೆ ಲಂಬವಾಗಿ ನಿಂತಿರಬೇಕು. ವಾಲಿದ್ದರೆ ಎರಡು ಕೈಯ ಹೆಬ್ಬೆರಳು, ತೋರುಬೆರಳುಗಳಿಂದ ಹಿಡಿದು ಕೂದಲೆಳೆಯಷ್ಟೇ ಹಿಂದಕ್ಕೆ ತನ್ನಿ.

ಮನೆಯಲ್ಲಿ ಒಬ್ಬರೇ ನುಡಿಸುವುದಾದರೆ ಶ್ರುತಿ ಬದಲಿಸುವ ಗೋಜೇ ಬೇಡ. ಸ-ಪ-ಸ-ಪ ವೇಲ್ಸ್‌ನ ಹಳೆಯ ಶ್ರುತಿಯಲ್ಲ ನಿಜ. ಆದರೂ ಪಕ್ಕದ ಖಾಲಿ ತಂತಿ ಸದಾ ಷಡ್ಜವನ್ನೋ ಪಂಚಮವನ್ನೋ ಹಿಡಿದಿರುವುದರಿಂದ ಕ್ರೂಥ್‌ನ ಆ ಮೊಳಗು ಸುಲಭವಾಗಿ ಕೈಗೆ ಸಿಗುತ್ತದೆ.

ಮೊದಲ ಮಟ್ಟು: ಆರ್ ಹೀಡ್ ಅ ನೋಸ್

‘ಇರುಳೆಲ್ಲ’ ಎಂದು ಅರ್ಥ. 1784ರಲ್ಲಿ ಎಡ್ವರ್ಡ್ ಜೋನ್ಸ್ ಅಚ್ಚು ಹಾಕಿಸಿದ ಮಟ್ಟು. ಕಲಿಯಲು ಇದನ್ನೇ ಮೊದಲು ಹಿಡಿಯುವುದಕ್ಕೆ ಕಾರಣ ಉಂಟು: ನಿಧಾನ, ಶಂಕರಾಭರಣದ ಸ್ವರಗಳು, ಮೊದಲ ಸಾಲು ಮೂರು ಸಲ ಬರುತ್ತದೆ, ಎರಡು ಸಲ ಆರಂಭದಲ್ಲಿ, ನಡುವೆ ಬೇರೊಂದು ಸಾಲು ದಾಟಿ ಮತ್ತೊಮ್ಮೆ ಕೊನೆಯಲ್ಲಿ. ಒಂದು ಸಾಲು ಸರಿಯಾಗಿ ಬಂದರೆ ಮುಕ್ಕಾಲು ಮಟ್ಟು ಬಂದಂತೆ.

ಆ ಸಾಲು: ಸ ನಿ ದ ಸ | ರಿ ಸ ನಿ ಪ | ದ ನಿ | ಸ. ಮೊದಲ ‘ಸ’ದಿಂದ ಕೆಳಗಿಳಿಯುವ ನಿ, ದ, ಪ ಎಲ್ಲ ಮಂದ್ರದವು. ಜಿ ಅನ್ನು ಷಡ್ಜ ಮಾಡಿಕೊಂಡರೆ ‘ರಿ’ ಒಂದನ್ನು ಬಿಟ್ಟು ಇಡೀ ಸಾಲು ಡಿ ತಂತಿಯ ಮೇಲೇ ಕೂರುತ್ತದೆ. ಬೆರಳು: 3 2 1 3 | ಖಾಲಿ ಎ, 3 2, ಖಾಲಿ ಡಿ | 1 2 | 3. ಒಂದು ಮತ್ತು ಎರಡನೇ ಗುಂಪಿನ ಮೊದಲ ಸ್ವರಕ್ಕೆ ಒಂದೂವರೆ ಮಾತ್ರೆ, ಅದರ ಮುಂದಿನದಕ್ಕೆ ಅರ್ಧ, ಉಳಿದೆರಡಕ್ಕೆ ಒಂದೊಂದು. ಮೆಟ್ರೊನೋಮ್ ನಿಮಿಷಕ್ಕೆ 60.

ಕಮಾನು ಕೈಕೊಡುವುದು ಇಲ್ಲೇ. ಒಂದೂವರೆ ಮಾತ್ರೆಯ ‘ಸ’ವನ್ನು ಕೆಳಗೆಳೆದು, ಅರ್ಧದ ‘ನಿ’ಯನ್ನು ಮೇಲೆ ತಂದರೆ ಕಮಾನಿನ ಲೆಕ್ಕ ತಪ್ಪುತ್ತದೆ: ಎಳೆದದ್ದು ಮೂರು ಪಾಲು, ಹಿಂದೆ ಬಂದದ್ದು ಒಂದು ಪಾಲು. ನಾಲ್ಕು ಸ್ವರ ಆಗುವಷ್ಟರಲ್ಲಿ ತುದಿಗೆ ಬಂದು ನಿಲ್ಲುತ್ತೀರಿ, ದನಿ ಸೊರಗುತ್ತದೆ. ‘ಸ ನಿ’ ಎರಡನ್ನೂ ಒಂದೇ ಎಳೆತದಲ್ಲಿ, ‘ದ ಸ’ ಎರಡನ್ನೂ ಒಂದೇ ಮರಳುವಿಕೆಯಲ್ಲಿ ತನ್ನಿ. ಎರಡಕ್ಕೂ ಎರಡೆರಡು ಮಾತ್ರೆ, ಕಮಾನು ಹೊರಟಲ್ಲಿಗೇ ಬಂದು ಸೇರುತ್ತದೆ.

ಕರ್ನಾಟಕ ಸಂಗೀತ ಕಲಿತವರ ಬೆರಳು ‘ರಿ’ ಬಂದ ಕೂಡಲೇ ತಾನಾಗಿ ಅಲುಗುತ್ತದೆ. ಅಲುಗಿಸಬೇಡಿ. ಸ್ವರ ನೆಟ್ಟ ಗೂಟದ ಹಾಗೆ ನಿಲ್ಲಬೇಕು. ಒಂದರಿಂದ ಇನ್ನೊಂದಕ್ಕೆ ಜಾರುವುದೂ ಬೇಡ, ಬೆರಳೆತ್ತಿ ಇಡಿ.

ಈಗ ಇದಕ್ಕೆ ಮೊಳಗು ಸೇರಿಸೋಣ. ಕಮಾನನ್ನು ಡಿ ಮತ್ತು ಖಾಲಿ ಜಿ ಎರಡನ್ನೂ ಮುಟ್ಟುವಂತೆ ಓರೆ ಮಾಡಿ. ಭಾರದ ಬಹುಪಾಲು ಡಿ ಮೇಲೆ, ಜಿ ಸುಮ್ಮನೆ ಹಿಂದಿನಿಂದ ಗುನುಗಬೇಕು. ಎರಡನೇ ಗುಂಪಿನ ‘ರಿ’ ಬಂದಾಗ ಗಂಟು ಬೀಳುತ್ತದೆ. ಖಾಲಿ ಎ ತಂತಿಗೆ ಹಾರಿದರೆ ಜಿ ತಪ್ಪಿಹೋಗುತ್ತದೆ, ಏಕೆಂದರೆ ಎ, ಜಿ ಪಕ್ಕಪಕ್ಕದ ತಂತಿಗಳಲ್ಲ, ಬಾಗಿದ ಕುದುರೆಯ ಮೇಲೆ ಅವೆರಡನ್ನು ಒಟ್ಟಿಗೆ ಮುಟ್ಟಲಾಗದು. ಅಲ್ಲಿ ಎ ಬಿಟ್ಟು, ಡಿ ತಂತಿಯ ಮೇಲೆ ನಾಲ್ಕನೇ ಬೆರಳು ಇಡಿ. ಅದೇ ಸ್ವರ, ಮೊಳಗೂ ಉಳಿಯುತ್ತದೆ. ‘ನಿ’ಯ ಜೊತೆ ಜಿ ಸ್ವಲ್ಪ ಕರಕರ ಎನ್ನುತ್ತದೆ, ಹೆದರಬೇಡಿ, ಮುಂದಿನ ಸ್ವರಕ್ಕೆ ಅದು ಕರಗುತ್ತದೆ.

ಎರಡನೆಯದು: ನೋಸ್ ಗಲಾನ್

ಕ್ರಿಸ್‌ಮಸ್ ಹೊತ್ತಿನಲ್ಲಿ ಬೆಂಗಳೂರಿನ ಯಾವ ಮಾಲ್‌ಗೆ ಹೋದರೂ ‘ಡೆಕ್ ದ ಹಾಲ್ಸ್’ ಕಿವಿಗೆ ಬೀಳುತ್ತದೆ. ಅದು ವೆಲ್ಶ್ ಮಟ್ಟು, ಹೊಸವರ್ಷದ ಮುನ್ನಿನ ಇರುಳಿನದು. ಇಂಗ್ಲಿಷ್ ಮಾತು ಸೇರಿದ್ದು 1862ರಲ್ಲಿ. ‘ಫ ಲ ಲ’ ಎಂದು ಈಗ ಹಾಡುವ ಭಾಗದಲ್ಲಿ ಹಿಂದೆ ಹಾರ್ಪ್ ಉತ್ತರ ಕೊಡುತ್ತಿತ್ತು: ಒಬ್ಬ ಒಂದು ಸಾಲು ಹಾಡಬೇಕು, ವಾದ್ಯ ಮಾರುತ್ತರ ನೀಡಬೇಕು. ಇದು ಗೊತ್ತಿದ್ದರೆ ನುಡಿಸುವ ಬಗೆಯೇ ಬದಲಾಗುತ್ತದೆ. ಸಾಲನ್ನು ಎಳೆದು ಹಾಡಿನಂತೆ, ಉತ್ತರವನ್ನು ಚುರುಕಾಗಿ, ಬಿಡಿಬಿಡಿಯಾಗಿ ನುಡಿಸಿ.

ಸಾಲು: ಪ ಮ ಗ ರಿ | ಸ ರಿ ಗ ಸ. ಉತ್ತರ: ರಿ ಗ ಮ ರಿ ಗ, ರಿ | ಸ ನಿ ಸ. ಜಿ ಷಡ್ಜ. ಮೊದಲ ‘ಪ’ ಎ ತಂತಿಯ ಮೂರನೇ ಬೆರಳು, ‘ಮ’ ಎರಡು, ‘ಗ’ ಒಂದು, ‘ರಿ’ ಖಾಲಿ ಎ, ‘ಸ’ ಡಿ ತಂತಿಯ ಮೂರು. ಹತ್ತರಲ್ಲಿ ಎಂಟು ಮಂದಿ ತಪ್ಪುವುದು ಎರಡನೇ ಬೆರಳಿನಲ್ಲಿ. ಎ ತಂತಿಯಲ್ಲಿ ಅದು ಶುದ್ಧ ಮಧ್ಯಮ, ಒಂದನೇ ಬೆರಳಿಗೆ ಒತ್ತಿಕೊಂಡಿರಬೇಕು. ಡಿ ತಂತಿಗೆ ಬಂದಾಗ ಅದೇ ಬೆರಳು ‘ನಿ’, ಮೂರನೆಯದಕ್ಕೆ ಒತ್ತಿಕೊಂಡಿರಬೇಕು. ತಂತಿ ಬದಲಾದಾಗೆಲ್ಲ ಬೆರಳು ಜಾಗ ಬದಲಿಸಬೇಕು. ಕಮಾನು ಇಲ್ಲದೆ, ಬರೀ ಎಡಗೈಯಲ್ಲಿ ಆ ಎರಡು ಜಾಗಗಳ ನಡುವೆ ಇಪ್ಪತ್ತು ಸಲ ಓಡಾಡಿಸಿ. ಮೂರನೇ ಸಾಲಿನ ಉತ್ತರದಲ್ಲಿ, ಇಂದಿನ ರೂಪದಲ್ಲಿ, ಪ್ರತಿಮಧ್ಯಮ ಒಂದು ಕ್ಷಣ ಇಣುಕಿ ಹೋಗುತ್ತದೆ.

ಆರನ್ನು ಒಡೆಯುವ ಎರಡು ಬಗೆ

ಕುಣಿತದ ಮಟ್ಟುಗಳಿಗೆ ಬಂದರೆ ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ಬಲ್ಲವರಿಗೆ ಅರ್ಧ ಕೆಲಸ ಮುಗಿದಂತೆ. ರೀಲ್ ಅಂದರೆ ತಕದಿಮಿ ತಕದಿಮಿ. ಜಿಗ್ ಅಂದರೆ ತಕಿಟ ತಕಿಟ. ಇವೆರಡರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ನಿಲ್ಲಬೇಕಾದ್ದು ‘ಪಿಬ್‌ದೌನ್ಸ್’ ಎದುರು, ಅಂದರೆ ಹಾರ್ನ್‌ಪೈಪ್. ಇಂದು ಸಾಮಾನ್ಯವಾಗಿ ಕೇಳುವುದು ನಾಲ್ಕರ ಲೆಕ್ಕದ್ದು, ಆದರೆ ಜಾನ್ ಥಾಮಸ್‌ನ ಕಾಲದ ಹಳೆಯ ಬಗೆ ಮೂರು-ಎರಡರ ತಾಳದ್ದು. ಒಂದು ಆವರ್ತಕ್ಕೆ ಆರು ಮಾತ್ರೆ. ಜಿಗ್‌ಗೂ ಆರೇ! ಆದರೆ ಇಲ್ಲಿ ಅದು ತಕ ತಕ ತಕ, ಕಾಲು ಮೂರು ಸಲ ನೆಲ ತಟ್ಟುತ್ತದೆ. ಇದನ್ನು ತಕಿಟ ತಕಿಟ ಎಂದು ಓದಿಕೊಂಡರೆ ಮಟ್ಟು ಕುಂಟುತ್ತದೆ, ‘ಹಸ್ತಪ್ರತಿಯೇ ತಪ್ಪು’ ಎಂದು ಬಿಟ್ಟುಬಿಡುವ ಮನಸ್ಸಾಗುತ್ತದೆ. ವಾದ್ಯ ಕೆಳಗಿಟ್ಟು ಮೊದಲು ಕೈತಟ್ಟಿ ಹೇಳಿ ನೋಡಿ. ಎಷ್ಟೋ ಮಟ್ಟುಗಳಲ್ಲಿ ಆವರ್ತದ ದ್ವಿತೀಯಾರ್ಧದಲ್ಲಿ ಒತ್ತು ಪಕ್ಕಕ್ಕೆ ಸರಿದಿರುತ್ತದೆ, ಆ ಮಟ್ಟುಗಳ ಸೊಗಸೆಲ್ಲ ಅಲ್ಲೇ. ಅಲ್ಲಿ ಕಾಲು ಸರಿಯಬಾರದು, ಕಮಾನು ಮಾತ್ರ ಸರಿಯಬೇಕು.

ಕುಣಿಯುವವರಿಗೆ ನುಡಿಸುವುದಾದರೆ ಜಿಗ್‌ಗೆ ನಿಮಿಷಕ್ಕೆ 112ರಿಂದ 120 ತಟ್ಟು ಬೇಕು. ಅಭ್ಯಾಸ 66ರಿಂದ ಶುರುವಾಗಲಿ, ತಪ್ಪಿಲ್ಲದೆ ಮೂರು ಸಲ ಬಂದಮೇಲೆ ನಾಲ್ಕು ನಾಲ್ಕರಂತೆ ಏರಿಸಿ.

ಹಸ್ತಪ್ರತಿ ಹೇಳದೆ ಬಿಡುವುದು

ಪಿಟೀಲುಗಾರರ ಹಳೆಯ ಪುಸ್ತಕಗಳಲ್ಲಿ ಸಿಗುವುದು ಬರೀ ಮಟ್ಟಿನ ಎಲುಬು. ಕಮಾನಿನ ಗುರುತು ಅಪರೂಪ, ಹಿಮ್ಮೇಳದ ಸ್ವರ ಇಲ್ಲ. ಬರೆದವನು ತನ್ನ ನೆನಪಿಗೆ ಬರೆದುಕೊಂಡದ್ದು ಅದು, ನಮಗಲ್ಲ. ಆವರ್ತದಲ್ಲಿ ಒಂದು ಮಾತ್ರೆ ಹೆಚ್ಚು ಕಂಡರೆ ಕೂಡಲೇ ಕತ್ತರಿ ಹಾಕಬೇಡಿ. ಎರಡನೇ ಭಾಗದಲ್ಲಿ ಅದೇ ನುಡಿ ಮತ್ತೆ ಬಂದಿದೆಯೇ ನೋಡಿ. ಅಲ್ಲೂ ಹಾಗೇ ಇದ್ದರೆ ಅದು ತಪ್ಪಲ್ಲ, ಮಟ್ಟಿನ ನಡೆ.

ಖಾಲಿ ಜಾಗ ತುಂಬಲು ಬಹಳ ಜನ ಐರಿಷ್ ಅಲಂಕಾರಗಳನ್ನು ತಂದು ಸುರಿಯುತ್ತಾರೆ. ಕೇಳಲು ಚೆನ್ನ, ಆದರೆ ಮಟ್ಟು ಐರಿಷ್ ಆಗಿಬಿಡುತ್ತದೆ. ಅದಕ್ಕಿಂತ ಹಾರ್ಪ್ ಕೇಳಿ. ವೇಲ್ಸ್‌ನ ಹಾರ್ಪ್ ವಾದಕರು ಒಂದು ಮಟ್ಟನ್ನು ಎತ್ತಿಕೊಂಡು ಸುತ್ತಿನಿಂದ ಸುತ್ತಿಗೆ ಅದನ್ನು ಬಿಡಿಸುತ್ತ ಹೋಗುತ್ತಾರೆ: ಮೊದಲು ಬರಿದಾಗಿ, ಆಮೇಲೆ ಒಂದು ದೀರ್ಘ ಸ್ವರವನ್ನು ಎರಡಾಗಿ, ನಾಲ್ಕಾಗಿ ಒಡೆದು. ಪಿಟೀಲಿನಲ್ಲೂ ಅದನ್ನೇ ಮಾಡಿ. ನೋಸ್ ಗಲಾನ್‌ನ ‘ಪ’ವನ್ನು ಎರಡನೇ ಸುತ್ತಿನಲ್ಲಿ ‘ಪ ದ ಪ’ ಎಂದು ಒಡೆದರೂ ಸಾಕು. ಹಾರ್ಪ್‌ನ ಮಟ್ಟನ್ನು ನೇರವಾಗಿ ಎತ್ತಿಕೊಂಡಾಗ ಅದು ಜಿ ತಂತಿಗಿಂತ ಕೆಳಗಿಳಿದರೆ ಇಡೀ ಮಟ್ಟನ್ನೇ ಬೇರೆ ಷಡ್ಜಕ್ಕೆ ಸರಿಸಿ, ನಾಲ್ಕು ಸ್ವರವನ್ನಷ್ಟೇ ಮೇಲಿನ ಸ್ಥಾಯಿಗೆ ಎತ್ತಿದರೆ ಬೆನ್ನು ಮುರಿದಂತಾಗುತ್ತದೆ.

ಧ್ವನಿಮುದ್ರಿಕೆಗಳಿಗೆ 1976ರಲ್ಲಿ ಹುಟ್ಟಿದ ಆರ್ ಲೋಗ್ ತಂಡದಿಂದ ಶುರುಮಾಡಿ, ಅಲ್ಲಿಂದ ಕ್ರಾಸ್‌ಡಾಂಟ್‌ಗೆ, ಆಮೇಲೆ ಕಲಾನ್‌ಗೆ ಬನ್ನಿ. ಅವರ ಕಮಾನು ಒಬ್ಬರಿದ್ದಂತೆ ಒಬ್ಬರದಿಲ್ಲ. ಎಲ್ಲರೂ ಹರಿದ ಎಳೆಯನ್ನು ತಂತಮ್ಮ ರೀತಿಯಲ್ಲಿ ಕಟ್ಟಿಕೊಂಡವರು.

ಹುಡುಕುವಾಗ

ವೆಲ್ಶ್ ಕಾಗುಣಿತ ಮೊದಮೊದಲು ತಲೆ ತಿನ್ನುತ್ತದೆ. ಡಬ್ಲ್ಯೂ ಅಲ್ಲಿ ಸ್ವರಾಕ್ಷರ, ನಮ್ಮ ಉ ಅಥವಾ ಊ. ಹಾಗಾಗಿ ಸಿ-ಆರ್-ಡಬ್ಲ್ಯೂ-ಟಿ-ಎಚ್ ಎಂದು ಬರೆದದ್ದು ಕ್ರೂಥ್. ಒಂದು ಎಫ್ ಇದ್ದರೆ ವ, ಎರಡಿದ್ದರೆ ಫ. ಇನ್ನೂ ಒಂದು ಪೇಚು: ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಹಾರ್ಪ್‌ಗೆ ಟೆಲಿನ್, ಆದರೆ ಇಂಗ್ಲಿಷಿನ ‘ದ’ದಂಥ ‘ಅ’ ಮುಂದೆ ಬಂದರೆ ‘ಅ ಡೆಲಿನ್’. ಹೊಸವರ್ಷ ಕಲಾನ್, ಅದರ ಇರುಳು ನೋಸ್ ಗಲಾನ್. ನಮ್ಮಲ್ಲಿ ‘ಬೆಟ್ಟ’ ಎಂಬ ಪದ ‘ತಾವರೆ’ಯ ಜೊತೆ ಸೇರಿ ‘ಬೆಟ್ಟದಾವರೆ’ ಆದಾಗ ತ ಹೋಗಿ ದ ಬರುವ ಹಾಗೆಯೇ ಎಂದುಕೊಳ್ಳಿ, ಅಲ್ಲಿ ಕ ಹೋಗಿ ಗ, ಟ ಹೋಗಿ ಡ, ಪ ಹೋಗಿ ಬ. ಮಟ್ಟಿನ ಹೆಸರು ಸೂಚಿಯಲ್ಲಿ ಸಿಗದಿದ್ದರೆ ಮೊದಲ ಅಕ್ಷರವನ್ನು ಹೀಗೆ ತಿರುಗಿಸಿ ಮತ್ತೊಮ್ಮೆ ಹುಡುಕಿ.

ಸ್ವರಲಿಪಿ, ಕಾರ್ಯಾಗಾರಗಳ ಸುದ್ದಿಗೆ ಎರಡು ಸಂಸ್ಥೆಗಳ ಪುಟ ನೋಡುತ್ತಿರಿ: 1996ರಲ್ಲಿ ಹುಟ್ಟಿದ ಕ್ಲೆರಾ, ಮತ್ತು ಟ್ರ್ಯಾಕ್. ಆಗಸ್ಟ್ ಮೊದಲ ವಾರದಲ್ಲಿ ನಡೆಯುವ ರಾಷ್ಟ್ರೀಯ ಐಸ್ಟೆದ್‌ವೊಡ್ ವರ್ಷಕ್ಕೊಂದು ಊರಿಗೆ ಹೋಗುತ್ತದೆ, ಅದರಲ್ಲಿ ಟೀ ಗ್ವೆರಿನ್ ಎಂಬ ಜನಪದ ಸಂಗೀತದ ಡೇರೆ ಇರುತ್ತದೆ.

ಪಬ್ಬಿನಲ್ಲಿ ಎಲ್ಲರೂ ಜೊತೆಗೂಡಿ ನುಡಿಸುವ ಸೆಶುನ್‌ಗೆ, ಇಲ್ಲವೇ ಟುಂಪಥ್ ಎಂಬ ಕುಣಿತದ ಸಂಜೆಗೆ ವಾದ್ಯ ಹಿಡಿದು ಹೋಗುವುದಾದರೆ ಮೊದಲ ಸಲ ಪೆಟ್ಟಿಗೆ ಮುಚ್ಚಿಟ್ಟು ಕೂತು ಕೇಳಿ. ಸಾಮಾನ್ಯವಾಗಿ ಮಟ್ಟುಗಳು ಎಂಟೆಂಟು ಆವರ್ತದ ಎರಡು ಭಾಗ, ಪ್ರತಿ ಭಾಗವನ್ನೂ ಎರಡು ಸಲ, ಒಟ್ಟು ಮೂವತ್ತೆರಡು. ಇಡೀ ಮಟ್ಟು ಎರಡು ಮೂರು ಸುತ್ತು ಆದಮೇಲೆ ಬಿಡುವಿಲ್ಲದೆ ಮುಂದಿನದಕ್ಕೆ ಜಿಗಿಯುತ್ತಾರೆ. ಜಿಗಿಯುವ ಮುಂಚೆ ಮುಂದಾಳು ತಲೆ ಎತ್ತಿ ನೋಡುವುದೋ, ಹುಬ್ಬು ಹಾರಿಸುವುದೋ ಮಾಡುತ್ತಾನೆ. ಕಣ್ಣು ನೋಟೇಶನ್ ಹಾಳೆಯ ಮೇಲಿದ್ದರೆ ಅದು ತಪ್ಪಿಹೋಗಿ, ಎಲ್ಲರೂ ಹೊಸ ಮಟ್ಟಿಗೆ ಹೋದಮೇಲೂ ನೀವೊಬ್ಬರೇ ಹಳೆಯದನ್ನು ನುಡಿಸುತ್ತಿರುತ್ತೀರಿ. ಗೊತ್ತಿಲ್ಲದ ಮಟ್ಟು ಬಂದಾಗ ಸ್ವರ ತಡಕಾಡಬೇಡಿ, ಖಾಲಿ ಜಿ, ಡಿ ತಂತಿಗಳ ಮೇಲೆ ಕಮಾನು ಮೆಲ್ಲಗೆ ಎಳೆಯುತ್ತ ಮೊಳಗು ಹಿಡಿದಿರಿ. ಮಟ್ಟು ಜಿಯಲ್ಲೋ ಡಿಯಲ್ಲೋ ಇದ್ದರೆ ಮಾತ್ರ.